ಮ್ಯೂನಿಕ್‌ನಲ್ಲಿ ಆ್ಯಪ್ ಕಾರು: ಅರ್ಧ ಕೆಲಸ ಬೆಂಗಳೂರಿನಲ್ಲೇ ಮುಗಿಸಿ

ಪ್ರಶ್ನೆ, ಜಯನಗರದಿಂದ: ರಜೆಗೆ ನಾಲ್ಕು ವಾರ ಮ್ಯೂನಿಕ್‌ನ ಅಣ್ಣನ ಮನೆಗೆ ಹೊರಟಿದ್ದೇವೆ. ಮಕ್ಕಳಿಗೆ 4 ಮತ್ತು 9 ವರ್ಷ. ಅಲ್ಲಿ ನಿಮಿಷದ ಲೆಕ್ಕದಲ್ಲಿ ಸಿಗುವ ಎಲೆಕ್ಟ್ರಿಕ್ ಕಾರನ್ನು ನಮ್ಮ ಲೈಸೆನ್ಸ್‌ನಲ್ಲಿ ಓಡಿಸಬಹುದಾ? ಅಣ್ಣನ ಅಕೌಂಟ್‌ನಲ್ಲೇ ತೆಗೆದುಕೊಂಡರೆ ಸಾಲದಾ?

ಉತ್ತರ: ಅಣ್ಣನ ಅಕೌಂಟ್ ಬೇಡವೇ ಬೇಡ ಮೇಡಂ. ಅಕೌಂಟ್ ಯಾರದ್ದೋ ಅವರೇ ಸ್ಟೀರಿಂಗ್ ಹಿಡಿಯಬೇಕು. ಬೇರೆಯವರು ಓಡಿಸುವಾಗ ಬಂಪರ್ ತಾಗಿದರೂ ಇನ್ಶೂರೆನ್ಸ್ ಕೈ ಎತ್ತುತ್ತದೆ, ಪೂರ್ತಿ ಬಿಲ್ ಅಣ್ಣನ ತಲೆಗೆ.

ನಿಮ್ಮದೇ ಅಕೌಂಟ್ ಬೇಕೆಂದರೆ ಮೊದಲು ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಲೈಸೆನ್ಸ್ ಕೆಲಸಕ್ಕಿರುವ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಫಾರ್ಮ್ 4ಎ ತುಂಬಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಹಾಕಿ, 1,000 ರೂ. ಕಟ್ಟಿ. ಜಯನಗರದವರಿಗೆ ಕೆಎ-05 ಆರ್‌ಟಿಒ. ಐಡಿಪಿ ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಅದಕ್ಕೂ ಮುಂಚೆ ಮುಗಿದರೆ ಅದೂ ಮುಗಿಯಿತು. ಐಡಿಪಿ ಒಂದೇ ಇದ್ದರೆ ಬೆಲೆಯಿಲ್ಲ, ಜೊತೆಗೆ ಮೂಲ ಕಾರ್ಡ್ ಇರಬೇಕು. ಡಿಜಿಲಾಕರ್ ತೋರಿಸಿದರೆ ಅಲ್ಲಿ ಯಾರೂ ಒಪ್ಪುವುದಿಲ್ಲ.

ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಲೈಸೆನ್ಸ್‌ನಲ್ಲಿ ಹೆಸರಿನ ಕೊನೆಗೆ ಬರೀ ‘ಕೆ. ಆರ್.’ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದೇ ಊರು ಮತ್ತು ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ಕಾರು ಕಂಪನಿಯ ಆ್ಯಪ್ ಎರಡರ ಫೋಟೊ, ಜೊತೆಗೆ ಸೆಲ್ಫಿ ಕೇಳಿ ಅಕ್ಷರ ಅಕ್ಷರ ಹೋಲಿಸುತ್ತದೆ, ಹೊಂದದಿದ್ದರೆ ತಿರಸ್ಕಾರ. ನೋಂದಣಿಯನ್ನು ಇಲ್ಲಿಂದಲೇ ಮಾಡಿ ನೋಡಿ, ಸಹಾಯವಾಣಿಗೆ ಬರೆಯಲು ಸಮಯವಾದರೂ ಇರುತ್ತದೆ. ಕೆಲವು ಕಂಪನಿಗಳು ಭಾರತದ ಲೈಸೆನ್ಸನ್ನು ತೆಗೆದುಕೊಳ್ಳುವುದೇ ಇಲ್ಲ, ಅದೂ ಆಗಲೇ ಗೊತ್ತಾಗುತ್ತದೆ. ಭಾರತದ ಪ್ಲೇಸ್ಟೋರ್‌ನಲ್ಲಿ ಆ್ಯಪ್ ಕಾಣಿಸದಿದ್ದರೆ ಗಾಬರಿ ಬೇಡ, ಅದು ದೇಶದ ಸೆಟ್ಟಿಂಗ್. ಆದರೆ ಆ ದೇಶವನ್ನು ವರ್ಷಕ್ಕೆ ಒಮ್ಮೆ ಮಾತ್ರ ಬದಲಾಯಿಸಬಹುದು, ಯೋಚಿಸಿ ಮಾಡಿ.

ಕ್ರೆಡಿಟ್ ಕಾರ್ಡ್‌ನಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಿ. ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡ್ ಬಹಳ ಕಡೆ ನಡೆಯದು. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇರಲಿ.

ಇನ್ನು ಮಕ್ಕಳ ಸೀಟು. ಇಲ್ಲಿ ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಮೈಸೂರಿಗೆ ಹೋದ ಹಾಗೆ ಅಲ್ಲಿ ಆಗದು. ಜರ್ಮನಿಯಲ್ಲಿ 12 ವರ್ಷ ತುಂಬುವವರೆಗೆ ಅಥವಾ 150 ಸೆಂ.ಮೀ. ಎತ್ತರ ಆಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಕ್ಕಳ ಸೀಟು ಕಡ್ಡಾಯ. ಕಾರಿನ ಡಿಕ್ಕಿಯಲ್ಲಿ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟು, ಇದ್ದರೆ ಅದೃಷ್ಟ, ನಂಬಿಕೊಳ್ಳಬೇಡಿ. ದೊಡ್ಡವನಿಗೆ ಬೆನ್ನಿರುವ ಬೂಸ್ಟರ್ ಸಾಕು, ಚಿಕ್ಕವಳಿಗೆ ಅವಳ ಎತ್ತರ, ತೂಕಕ್ಕೆ ಹೊಂದುವ ಸೀಟು. ಇಲ್ಲಿಂದ ಒಯ್ಯುವುದಾದರೆ ಸೀಟಿನ ಹಿಂಭಾಗ ತಿರುಗಿಸಿ ನೋಡಿ: ಕಿತ್ತಳೆ ಬಣ್ಣದ ಚೀಟಿ, ಅದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘ಇ’ (E) ಅಕ್ಷರ, ಆರ್44 ಅಥವಾ ಆರ್129 ಎಂಬ ಸುರಕ್ಷತಾ ಮಾನದಂಡದ ಅಂಕಿ. ಚೀಟಿ ಇಲ್ಲದಿದ್ದರೆ ಮನೆಯಲ್ಲೇ ಬಿಟ್ಟು, ಅಣ್ಣನಿಗೆ ಅಕ್ಕಪಕ್ಕದವರ ಹತ್ತಿರ ಎರವಲು ಕೇಳಲು ಹೇಳಿ.

ಕಾರು ತೆರೆಯುವ ಮುಂಚೆ ನಾಲ್ಕೂ ಕಡೆ, ನಾಲ್ಕೂ ಚಕ್ರದ ರಿಮ್ ಫೋಟೊ ತೆಗೆಯಿರಿ. ಹಳೆಯ ಗೀರು ಆ್ಯಪ್‌ನಲ್ಲಿ ದಾಖಲಾಗದಿದ್ದರೆ ಅದು ನಿಮ್ಮದೇ ಎನ್ನುತ್ತಾರೆ. ಮಾರುತಿ, ಹ್ಯುಂಡೈ ರೂಢಿಯಾದ ಕೈಗೆ ಇಂಡಿಕೇಟರ್ ಎಡಗಡೆ ಇರುವುದು ಒಗ್ಗುವುದಿಲ್ಲ; ಮೊದಲ ತಿರುವಿನಲ್ಲಿ ವೈಪರ್ ಓಡುತ್ತದೆ. ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಕಾರು ತಾನೇ ನಿಧಾನವಾಗುತ್ತದೆ. ಕಾಲು ಪದೇ ಪದೇ ಎತ್ತಿದರೆ ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡಿಕೊಳ್ಳುತ್ತಾರೆ, ಮೆತ್ತಗೆ ಬಿಡಿ. ಚಳಿಗಾಲದಲ್ಲಿ ಹೀಟರ್ ಮತ್ತು ತಣ್ಣನೆಯ ಬ್ಯಾಟರಿ ಸೇರಿ ಒಂದು ಚಾರ್ಜಿಗೆ ಓಡುವ ದೂರವನ್ನು ತಗ್ಗಿಸುತ್ತವೆ, ಪರದೆಯಲ್ಲಿ ಕಾಣುವ ಕಿ.ಮೀ. ಪೂರ್ತಿ ನಂಬಬೇಡಿ.

ಮರುಪ್ರಶ್ನೆ: ಚಾರ್ಜ್ ಮಾಡುವುದು ನಮ್ಮ ಕೆಲಸವಾ? ಅಣ್ಣನ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಬಿಟ್ಟು ಟ್ರಿಪ್ ಮುಗಿಸಬಹುದಾ?

ಉತ್ತರ: ಸಾಮಾನ್ಯವಾಗಿ ಕಡ್ಡಾಯವಿಲ್ಲ, ಬ್ಯಾಟರಿ ಕಡಿಮೆ ಇದ್ದಾಗ ಚಾರ್ಜಿಗೆ ಹಾಕಿದರೆ ಕೆಲವು ಕಂಪನಿಗಳು ಉಚಿತ ನಿಮಿಷ ಕೊಡುತ್ತವೆ. ಚಾರ್ಜರ್‌ಗೆ ಮೊದಲು ಕಾರಿನಲ್ಲಿರುವ ಕಾರ್ಡ್ ತೋರಿಸಿ, ಆಮೇಲೆ ಕೇಬಲ್ ಸಿಕ್ಕಿಸಿ. ಕೇಬಲ್ ತೆಗೆಯಲು ಬರದಿದ್ದರೆ ಎಳೆಯಬೇಡಿ, ಕಾರನ್ನು ಅನ್‌ಲಾಕ್ ಮಾಡಿದರೆ ಪಿನ್ ಬಿಡುತ್ತದೆ.

ಬೇಸ್‌ಮೆಂಟ್ ಮಾತ್ರ ಬೇಡ. ಕಾರಿನೊಳಗಿನ ಸಾಧನಕ್ಕೆ ಸಿಗ್ನಲ್ ಸಿಗದೆ ಟ್ರಿಪ್ ಮುಗಿಯುವುದಿಲ್ಲ, ಮೀಟರ್ ಓಡುತ್ತಲೇ ಇರುತ್ತದೆ. ನಕ್ಷೆಯಲ್ಲಿ ಗುರುತಿಸಿದ ವಲಯದೊಳಗೆ, ರಸ್ತೆ ಬದಿಯಲ್ಲಿ, ಫೋನ್‌ನಲ್ಲಿ ಚಾರ್ಜ್ ಇರುವಾಗಲೇ ಮುಗಿಸಿ. ‘ಟ್ರಿಪ್ ಮುಗಿದಿದೆ’ ಎಂಬ ಪರದೆಯ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಕಾರು ಬಿಟ್ಟು ನಡೆಯಿರಿ. ಅದಕ್ಕೂ ಮೊದಲು ಮಕ್ಕಳ ಸೀಟು ಇಳಿಸಿಕೊಂಡಿದ್ದೀರಾ ನೋಡಿ. ಬಾಗಿಲು ಲಾಕ್ ಆದ ಮೇಲೆ ಮುಂದಿನವರು ಬುಕ್ ಮಾಡಿಬಿಟ್ಟರೆ ಸೀಟು ಅವರ ಜೊತೆ ಹೊರಟಿತು.