ಸಹಾಯ ಬೇಕು: ಡಿಸೈನ್ ಥಿಂಕಿಂಗ್ ನಡೆಸಿಕೊಡುವ ಕನ್ನಡದ ಫೆಸಿಲಿಟೇಟರ್

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯ ಒಂದು ರೈತ ಉತ್ಪಾದಕರ ಕಂಪನಿಯಲ್ಲಿದ್ದೇನೆ. ಅಡಿಕೆ ತಂದ ರೈತರು ತೂಕಕ್ಕೆ, ಗ್ರೇಡಿಂಗ್‌ಗೆ ದಿನವಿಡೀ ಕಾಯುತ್ತಾರೆ. ಇದನ್ನು ಸರಿಪಡಿಸಲು ಕಳೆದ ತಿಂಗಳು ನಾವೇ ಡಿಸೈನ್ ಥಿಂಕಿಂಗ್ (ಬಳಸುವ ಜನರ ಕಷ್ಟದಿಂದ ಶುರುಮಾಡಿ ಪರಿಹಾರ ಹುಡುಕುವ ವಿಧಾನ) ಮಾಡಲು ಕೂತೆವು.

ಆಗಲಿಲ್ಲ. ಮ್ಯಾನೇಜರ್ ಸರ್ ಅವರೇ ನಡೆಸಿದರು. ಒಳ್ಳೆಯ ಮನುಷ್ಯ, ಆದರೆ ಅವರು ಏನು ಹೇಳಿದರೂ ಉಳಿದವರೆಲ್ಲ "ಹೌದು ಸರ್" ಅಂದರು. ಅರ್ಧ ಗಂಟೆಯಲ್ಲಿ "ಆ್ಯಪ್ ಮಾಡೋಣ" ಎಂದು ತೀರ್ಮಾನವಾಯಿತು. ಸಾಲಿನಲ್ಲಿ ಕಾಯುವ ರೈತರನ್ನು ಯಾರೂ ಮಾತಾಡಿಸಿರಲಿಲ್ಲ. ಹಮಾಲರನ್ನಂತೂ ಕರೆದೇ ಇರಲಿಲ್ಲ. ನನಗೆ ತುಂಬಾ ಬೇಸರವಾಯಿತು. ಸ್ಟ್ಯಾನ್‌ಫರ್ಡ್‌ನ ಡಿ.ಸ್ಕೂಲ್ (ಆ ವಿಶ್ವವಿದ್ಯಾಲಯದ ಡಿಸೈನ್ ಶಾಲೆ) ಹೇಳಿಕೊಟ್ಟ 5 ಹಂತಗಳಲ್ಲಿ ಮೊದಲನೆಯದೇ ಜನರ ಕಷ್ಟವನ್ನು ಅವರ ಜಾಗದಲ್ಲಿ ನಿಂತು ತಿಳಿಯುವುದು, ಅಲ್ವಾ? ಆಮೇಲೆ ಸಮಸ್ಯೆ ಗುರುತಿಸುವುದು, ಐಡಿಯಾ, ಮಾದರಿ, ಪರೀಕ್ಷೆ. ನಾವು ಸೀದಾ ಐಡಿಯಾಕ್ಕೆ ಹಾರಿದ್ದೆವು.

ಅದಕ್ಕೇ ಹೊರಗಿನವರೊಬ್ಬರು ಬೇಕು. ಉತ್ತರ ಹೇಳುವವರಲ್ಲ, ಎಲ್ಲರ ಬಾಯಿ ಬಿಡಿಸುವವರು. ಕನ್ನಡದಲ್ಲೇ ನಡೆಸಬೇಕು.

ಇನ್ನೊಂದು ಪ್ರಶ್ನೆ. 6-3-5 ಪದ್ಧತಿಯಲ್ಲಿ 6 ಜನ, ತಲಾ 3 ಐಡಿಯಾಗಳನ್ನು 5 ನಿಮಿಷದಲ್ಲಿ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಸುಮ್ನೆ ಕೂರುವವರಿಗೆ ಇದು ಒಳ್ಳೆಯದು. ಆದರೆ ಓದು ಬರಹ ಜಾಸ್ತಿ ಬಾರದವರ ಜೊತೆ ಹೇಗೆ? ಚಿತ್ರ ಬಿಡಿಸಿ ಮಾಡಿಸಿದವರು ಇದ್ದೀರಾ? ಮ್ಯಾನೇಜರ್ ಒಳಗೆ ಕೂರಬೇಕಾ, ಬೇಡವಾ?

16 ಜನ, 2 ದಿನ. ಊಟ, ವಸತಿ ನಮ್ಮದು. ಸಂಭಾವನೆ ಖಂಡಿತ ಕೊಡುತ್ತೇವೆ, ಎಷ್ಟಾಗಬಹುದು ಅಂತ ಅಂದಾಜು ತಿಳಿಸಿ. ಅಡಿಕೆ ಕೊಯ್ಲು ಶುರುವಾಗುವ ಮೊದಲೇ ಮುಗಿಸಬೇಕು, ಆಮೇಲೆ ಯಾರೂ ಕೈಗೆ ಸಿಗುವುದಿಲ್ಲ.