ಬೇಸಿಗೆಯ ಕಡಲ ಮೋಡಕ್ಕೆ ಯಾವ ಪದ: ಮಂಜು, ಕಾವಳ, ಪದರ ಮೋಡ?

ಎಲ್ಲರಿಗೂ ನಮಸ್ಕಾರ,

ಕ್ಯಾಲಿಫೋರ್ನಿಯಾ ಕರಾವಳಿಯ ಬೇಸಿಗೆ ಮೋಡದ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ವಿಷಯ ಹೀಗಿದೆ. ಬೇಸಿಗೆಯಲ್ಲಿ ಅಲ್ಲಿ ವಾಯವ್ಯದ ಗಾಳಿ ದಡದ ಉದ್ದಕ್ಕೂ ಬೀಸುತ್ತದೆ. ಮೇಲಿನ ನೀರು ದಡದಿಂದ ಆಚೆ ಸರಿದು, ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಜೂನ್‌ನಲ್ಲೂ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಕಡಲು ಸುಮಾರು 12–14 ಡಿಗ್ರಿ ಸೆಲ್ಸಿಯಸ್ ಅಷ್ಟೆ. ಅದಕ್ಕೆ ತಾಗಿದ ಗಾಳಿಯ ತೇವ ಮೋಡವಾಗುತ್ತದೆ. ಮೇಲೆ ಒಣ ಬಿಸಿಗಾಳಿ ಮುಚ್ಚಳದ ಹಾಗೆ ಕೂತಿರುವುದರಿಂದ ಆ ಮೋಡ ಎತ್ತರಕ್ಕೆ ಬೆಳೆಯಲಾರದು. ಕೆಲವು ನೂರು ಮೀಟರ್‌ನಲ್ಲೇ ಅಡ್ಡಡ್ಡ ಹರಡಿಕೊಳ್ಳುತ್ತದೆ. ಕಡಲು ತಣ್ಣಗಿದ್ದಷ್ಟೂ ಮುಚ್ಚಳ ಬಿಗಿ, ಮೋಡ ಜಾಸ್ತಿ. ಕಡಲು ಕಾದರೆ ಮೋಡ ಕಡಿಮೆ. ಆಗ ಬಿಸಿಲು ನೇರ ನೀರಿಗೆ ಬಿದ್ದು ಕಡಲು ಇನ್ನಷ್ಟು ಕಾಯುತ್ತದೆ. 2014–15ರಲ್ಲಿ ಅಲ್ಲಿನ ಕಡಲು ವಿಪರೀತ ಬಿಸಿಯಾದಾಗ ಹೀಗೇ ಆಯಿತು.

ಈಗ ಪದಕ್ಕೆ ಬರೋಣ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಗೋಪುರಗಳು ನೀರಿನಿಂದ 227 ಮೀಟರ್ ಎತ್ತರ. ಮೋಡ ರಸ್ತೆಯ ಮಟ್ಟಕ್ಕೆ ಇಳಿದಾಗ ಕಾರಿನಲ್ಲಿ ಹೋಗುವವರಿಗೆ ಮುಂದಿನ ಗಾಡಿ ಕಾಣುವುದಿಲ್ಲ, ಅವರಿಗೆ ಅದು ಮಂಜು. ಕೆಳಗೆ ದೋಣಿಯಲ್ಲಿ ಇರುವವರು ತಲೆ ಎತ್ತಿದರೆ ಬೂದು ಮೋಡ. ಇರುವುದು ಒಂದೇ, ಅಲ್ವಾ?

'ಮಂಜು' ಎಂದರೆ ನಮ್ಮ ಮಕ್ಕಳಿಗೆ ನೆನಪಾಗುವುದು ಚಳಿಗಾಲದ ಬೆಳಗು. ಹಿಮಕ್ಕೂ ಅದೇ ಪದ ಬಳಸುತ್ತೇವೆ. ಇದಾದರೋ ಬೇಸಿಗೆಯ ಸಂಜೆ, ಗಾಳಿಯ ಜೊತೆ ಕಡಲಿನಿಂದ ಊರೊಳಗೆ ಹರಿದು ಬರುವಂಥದ್ದು. ಪಠ್ಯಪುಸ್ತಕದ 'ಪದರ ಮೋಡ' ಆಕಾರವನ್ನು ಸರಿಯಾಗಿ ಹೇಳುತ್ತದೆ, ಆದರೆ ನೆಲಕ್ಕೆ ತಾಗಿದ್ದನ್ನು ಹಾಗೆ ಕರೆದರೆ ಒಪ್ಪುವುದಿಲ್ಲ. 'ಕಾವಳ' ನನಗೆ ತುಂಬಾ ಇಷ್ಟ. ಕತ್ತಲು ಎಂಬ ಅರ್ಥವೂ ಅದಕ್ಕಿದೆ, ಮಧ್ಯಾಹ್ನದವರೆಗೂ ಸೂರ್ಯ ಕಾಣದ ದಿನಕ್ಕೆ ಚೆನ್ನಾಗಿ ಹೊಂದುತ್ತದೆ. ಇಂದಿನ ಮಾತಿನಲ್ಲಿ ಅದು ಕೇಳಿಬರುವುದು ಅಪರೂಪ.

ಸದ್ಯಕ್ಕೆ ಮೇಲಿದ್ದಾಗ 'ಕಡಲ ತಗ್ಗು ಮೋಡ', ನೆಲ ಮುಟ್ಟಿದಾಗ 'ಕಡಲ ಕಾವಳ' ಎಂದು ಬರೆದಿದ್ದೇನೆ. ಮಕ್ಕಳಿಗೆ ಇದು ತಿಳಿಯುತ್ತದೆಯೇ? ಎರಡಕ್ಕೂ ಒಂದೇ ಪದ ಸಾಧ್ಯವೇ?

ಕುಂದಾಪುರ, ಕಾರವಾರದ ಕಡೆಯವರಿಗೆ ಇನ್ನೊಂದು ಪ್ರಶ್ನೆ. ನಮ್ಮ ಕಡಲು ಬೇಸಿಗೆಯಲ್ಲಿ 28–30 ಡಿಗ್ರಿ ಇರುವುದರಿಂದ ಇಂಥ ಮೋಡ ಅಲ್ಲಿ ಕಟ್ಟುವುದಿಲ್ಲ, ಸರಿ. ಆದರೂ ನೀರಿನ ಮೇಲೆ ತಗ್ಗಾಗಿ ಕೂತ ಮೋಡಕ್ಕೆ ಮೀನುಗಾರರು ಬೇರೆ ಹೆಸರು ಹೇಳುವುದನ್ನು ಕೇಳಿದ್ದೀರಾ? ಹೇಳುವ ಹಾಗೆಯೇ ಬರೆದು ಕಳಿಸಿ.