ಎಸ್‌ಟಿಪಿಗೆ ಬದಲಿಸಿದರೂ ಹೈಡ್ರೋಜನ್ ಲೆಕ್ಕ ಕೂಡುತ್ತಿಲ್ಲ, ಎಲ್ಲಿ ತಪ್ಪಿದೆ?

ಪ್ರಶ್ನೆ (ಪ್ರಥಮ ಪಿಯುಸಿ, ಬೆಂಗಳೂರು): ಮೇಡಂ, 24.3 ಮಿಲಿಗ್ರಾಂ ಮೆಗ್ನೀಸಿಯಂ ರಿಬ್ಬನ್ ಅನ್ನು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ, ಬಂದ ಹೈಡ್ರೋಜನ್ ಅನ್ನು ನೀರಿನ ಮೇಲೆ ಹಿಡಿದೆವು. ಕೊಳವೆಯ ಒಳಗಿನ, ಹೊರಗಿನ ನೀರನ್ನು ಒಂದೇ ಮಟ್ಟಕ್ಕೆ ತಂದು ನೋಡಿದರೆ 28.5 ಎಂಎಲ್. ಲ್ಯಾಬ್‌ನಲ್ಲಿ 27 ಡಿಗ್ರಿ ಇತ್ತು. ಒತ್ತಡ ಮೊಬೈಲ್ ಆ್ಯಪ್‌ನಲ್ಲಿ ನೋಡಿದೆ, 101.2 ಕಿಲೋಪ್ಯಾಸ್ಕಲ್. ಎಸ್‌ಟಿಪಿಗೆ, ಅಂದರೆ ಅನಿಲಗಳನ್ನು ಹೋಲಿಸಲು ಗೊತ್ತುಮಾಡಿದ ತಾಪಮಾನ, ಒತ್ತಡಕ್ಕೆ ಬದಲಿಸಿದರೆ 26.2 ಎಂಎಲ್ ಬರುತ್ತಿದೆ. 22.4 ಬರಬೇಕಿತ್ತು ಅಲ್ವಾ? ಇನ್ನೊಂದು ಪುಸ್ತಕದಲ್ಲಿ 22.7 ಅಂತಿದೆ. ತಲೆ ಕೆಟ್ಟಿದೆ.

ಉತ್ತರ (ರಸಾಯನಶಾಸ್ತ್ರ ಉಪನ್ಯಾಸಕಿ): ನಿಮ್ಮ ಅಳತೆ ಚೆನ್ನಾಗಿಯೇ ಇದೆ. ಎಡವಿರುವುದು ಒತ್ತಡದಲ್ಲಿ, ಅದೂ ಎರಡು ಸಲ.

ಕೊಳವೆಯಲ್ಲಿ ಬರೀ ಹೈಡ್ರೋಜನ್ ಇಲ್ಲ, ನೀರಿನ ಆವಿಯೂ ಸೇರಿಕೊಂಡಿದೆ. 27 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 3.6 ಕಿಲೋಪ್ಯಾಸ್ಕಲ್. ಅದನ್ನು ಕಳೆಯಲೇಬೇಕು. ಇದನ್ನು ಮರೆಯುವವರು ಜಾಸ್ತಿ.

ಎರಡನೆಯದು ಆ ಆ್ಯಪ್. ಹವಾಮಾನದ ಆ್ಯಪ್‌ಗಳು ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಹೊಂದಿಸಿದ ಒತ್ತಡವನ್ನು ತೋರಿಸುತ್ತವೆ. ಮಂಗಳೂರಿನಲ್ಲಿ ಆ ಅಂಕಿ ನಡೆಯುತ್ತಿತ್ತು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ನಿಜವಾದ ಒತ್ತಡ 91ರ ಆಸುಪಾಸು. ಲ್ಯಾಬ್‌ನ ಬ್ಯಾರೋಮೀಟರ್ ನೋಡಿ ಹೇಳಿ.

ಪ್ರಶ್ನೆ ಕೇಳಿದವರು: ನೋಡಿದೆ ಮೇಡಂ, ಪಾದರಸ 683 ಮಿಲಿಮೀಟರ್ ಇದೆ. ಬ್ಯಾರೋಮೀಟರ್ ಕೆಟ್ಟಿದೆ ಅಂದುಕೊಂಡು ಸುಮ್ನೆ ಬಿಟ್ಟಿದ್ದೆ!

ಉತ್ತರ: ಕೆಟ್ಟಿಲ್ಲ, ಅದು ಸರಿಯಾಗಿ 91 ಕಿಲೋಪ್ಯಾಸ್ಕಲ್. ಆವಿಯ 3.6 ಕಳೆದರೆ 87.4. ಈಗ ಲೆಕ್ಕ ಹಾಕಿ (0 ಮತ್ತು 27 ಡಿಗ್ರಿ ಕೆಲ್ವಿನ್‌ನಲ್ಲಿ 273 ಮತ್ತು 300):

28.5 × (87.4 ÷ 100) × (273 ÷ 300) = 22.7 ಎಂಎಲ್

24.3 ಮಿಲಿಗ್ರಾಂ ಮೆಗ್ನೀಸಿಯಂ ಅಂದರೆ ಮೋಲ್‌ನ ಸಾವಿರದಲ್ಲಿ ಒಂದು ಭಾಗ. ಒಂದು ಮೋಲ್ ಮೆಗ್ನೀಸಿಯಂಗೆ ಒಂದು ಮೋಲ್ ಹೈಡ್ರೋಜನ್, ಎಸ್‌ಟಿಪಿಯಲ್ಲಿ ಅದು 22.7 ಲೀಟರ್. ಅಷ್ಟಕ್ಕೆ ಇಷ್ಟೇ ಅನಿಲ ಬರಬೇಕು.

ಇನ್ನು 22.4 ಮತ್ತು 22.7ರ ಜಗಳ. ಎರಡೂ ಸರಿಯೇ. ಹಳೆಯ ಎಸ್‌ಟಿಪಿಯಲ್ಲಿ ಒತ್ತಡ 1 ಅಟ್ಮಾಸ್ಫಿಯರ್, ಅಂದರೆ 101.325 ಕಿಲೋಪ್ಯಾಸ್ಕಲ್. 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿ ಅದನ್ನು 1 ಬಾರ್‌ಗೆ, ಅಂದರೆ 100ಕ್ಕೆ ಇಳಿಸಿತು. ಒತ್ತಡ ಸ್ವಲ್ಪ ಇಳಿಯಿತು, ಗಾತ್ರ ಸ್ವಲ್ಪ ಹಿಗ್ಗಿತು. ತಾಪಮಾನ ಮಾತ್ರ ಅದೇ 0 ಡಿಗ್ರಿ. ಮೇಲಿನ ಲೆಕ್ಕದಲ್ಲಿ 100ರ ಬದಲು 101.325 ಹಾಕಿ ನೋಡಿ, ನಿಮ್ಮ 22.4 ಅಲ್ಲೇ ಸಿಗುತ್ತದೆ.

ಇನ್ನೊಬ್ಬ ಸದಸ್ಯ: ಹಾಗಾದರೆ ಪರೀಕ್ಷೆಯಲ್ಲಿ ಯಾವುದನ್ನು ಹಾಕುವುದು ಮೇಡಂ?

ಉತ್ತರ: ಪ್ರಶ್ನೆಯಲ್ಲಿ ಬಾರ್ ಅಂತಿದ್ದರೆ 22.7, ಅಟ್ಮಾಸ್ಫಿಯರ್ ಅಂತಿದ್ದರೆ 22.4. ಏನೂ ಹೇಳದಿದ್ದರೆ ಎನ್‌ಸಿಇಆರ್‌ಟಿ ಪುಸ್ತಕದ 22.7 ಹಿಡಿದು, ಕೊಟ್ಟಿರುವ ಆಯ್ಕೆಗಳ ಮೇಲೊಮ್ಮೆ ಕಣ್ಣಾಡಿಸಿ. ಅದಕ್ಕೂ ಮೊದಲು, ಕೇಳಿರುವ ವಸ್ತು ಅನಿಲವೇ ನೋಡಿಕೊಳ್ಳಿ. ‘ಎಸ್‌ಟಿಪಿಯಲ್ಲಿ 18 ಗ್ರಾಂ ನೀರಿನ ಗಾತ್ರ ಎಷ್ಟು’ ಅಂದರೆ, 18 ಗ್ರಾಂ ಒಂದು ಮೋಲ್ ಅಲ್ವಾ ಅಂತ ಅರ್ಧ ಕ್ಲಾಸ್ 22.4 ಲೀಟರ್ ಎಂದು ಕೂಗುತ್ತದೆ. ಅದು ಒಂದು ಕಾಫಿ ಲೋಟವೂ ತುಂಬದ 18 ಎಂಎಲ್ ನೀರು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ರೆಕಾರ್ಡ್‌ನಲ್ಲಿ 28.5 ಅಳಿಸಿ 22.7 ಅಂತ ಬರೆದುಬಿಡಲಾ?

ಉತ್ತರ: ಬೇಡಪ್ಪಾ! ಅಳತೆಯ ಜಾಗದಲ್ಲಿ 28.5 ಹಾಗೇ ಇರಲಿ. ಪಕ್ಕದಲ್ಲಿ 27 ಡಿಗ್ರಿ, 683 ಮಿಲಿಮೀಟರ್ ಅಂತಲೂ ಬರೆಯಿರಿ. 22.7 ಲೆಕ್ಕದ ಪುಟಕ್ಕೆ ಹೋಗಲಿ.